ಕೌತಾಳಂ ಬಸ್ಸಿನ ಕಂಡಕ್ಟರು ವೇಲ್ಸಿಗೆ ಹೋದದ್ದು

ಆದೋನಿ

ಪರದೇಶಕ್ಕೆ ಹೋಗಿ ಬಂದವರು ಮೊದಲು ಆ ದೇಶದ ರಸ್ತೆಯನ್ನು ಹೊಗಳಬೇಕು, ಆಮೇಲೆ ನಮ್ಮ ರಸ್ತೆಯನ್ನು ಬೈಯಬೇಕು ಎಂಬ ಪದ್ಧತಿ ಇದೆ. ನಾನು ಎರಡನ್ನೂ ಬಿಟ್ಟಿದ್ದೇನೆ. ರಸ್ತೆ ನೋಡಲು ನನಗೆ ಪುರಸೊತ್ತೇ ಆಗಲಿಲ್ಲ. ಪ್ರವಾಸದುದ್ದಕ್ಕೂ ನಾನು ನೋಡಿದ್ದು ನಮ್ಮ ಮನೆಯವರನ್ನು. ಅವರು ಯಾರ ಚೀಲ ಎತ್ತಿಕೊಳ್ಳುತ್ತಾರೋ, ಯಾರ ಮನೆಯೊಳಗೆ ನುಗ್ಗುತ್ತಾರೋ ಎಂದು ಕಾಯುವುದೇ ನನ್ನ ಕೆಲಸವಾಗಿತ್ತು.

ನಮ್ಮ ಮನೆಯವರ ಹೆಸರು ಪ್ರಕಾಶಂ. ಆದೋನಿ ಡಿಪೋದಲ್ಲಿ ಕಂಡಕ್ಟರಾಗಿದ್ದು ನಿವೃತ್ತರಾದವರು. ಕೌತಾಳಂ, ಪೆದ್ದಕಡುಬೂರು, ಮಂತ್ರಾಲಯದ ರೂಟುಗಳಲ್ಲಿ ಇವರ ಸೀಟಿ ಕೇಳದ ಕಿವಿ ಕಡಿಮೆ. ಚರ್ಚಿನಲ್ಲಿ ಪಾದ್ರಿಗಳು ನೆರೆಯವರನ್ನು ಪ್ರೀತಿಸಿ ಅಂದರೆ ನಾವೆಲ್ಲ ಆಮೆನ್ ಅಂದು ಊಟಕ್ಕೆ ಹೋಗುತ್ತೇವೆ. ಇವರು ಚಪ್ಪಲಿ ಮೆಟ್ಟಿಕೊಂಡು ನೆರೆಯವರನ್ನು ಹುಡುಕಿಕೊಂಡು ಹೋಗುತ್ತಾರೆ. ಬಸ್ಸಿನಲ್ಲಿ ಯಾರಾದರೂ ಜ್ವರದಿಂದ ನರಳುತ್ತಾ ಪೆದ್ದಕಡುಬೂರಿನಲ್ಲಿ ಇಳಿದಿದ್ದರೆ, ಮರುದಿನ ಅಲ್ಲಿ ಬಸ್ ನಿಂತೊಡನೆ ಇವರು ಇಳಿದು ಅವರ ಮನೆಗೆ ಹೋಗಿ ಜ್ವರ ಬಿಟ್ಟಿತೇ ಎಂದು ಕೇಳಿ, ಪ್ರಾರ್ಥನೆ ಮಾಡಿಯೇ ಬರುತ್ತಿದ್ದರು. ಡ್ರೈವರ್ ಖಾಜಾ ಎಂಜಿನ್ ಆಫ್ ಮಾಡಿ ಬೀಡಿ ಹಚ್ಚುತ್ತಿದ್ದ. ಬೈಯುವ ಪ್ರಯಾಣಿಕರಿಗೆ, "ಯಾಕ ಚೀರ್ತೀರಿ? ನಾಳಿ ನಿಮಗ ಜ್ವರ ಬಂದ್ರೂ ಇದೇ ಬಸ್ ನಿಲ್ಲತೈತಿ" ಎಂದು ಸಮಾಧಾನ ಹೇಳುತ್ತಿದ್ದ.

ಹಿಂದೆ ಯಾವುದೋ ಕಾಲದಲ್ಲಿ ವೇಲ್ಸ್ ದೇಶದ ಸಮುದ್ರದಂಚಿನ ಒಂದು ಹಳ್ಳಿಯಿಂದ ಒಬ್ಬ ದೊರೆಸಾನಿ ನಮ್ಮ ಕಡೆ ಬಂದು ಹೆಣ್ಣುಮಕ್ಕಳಿಗೆ ಓದು ಕಲಿಸಿದ್ದರಂತೆ. ಆಕೆಯ ನೆನಪಿಗೆಂದು ಅಲ್ಲಿನ ಚರ್ಚಿನವರು ನಮ್ಮ ಚರ್ಚಿನಿಂದ ಇಬ್ಬರನ್ನು ಎರಡು ವಾರದ ಮಟ್ಟಿಗೆ ಕರೆದರು. ನಮ್ಮ ಪಾದ್ರಿಗಳ ಪಾಸ್‌ಪೋರ್ಟು ಗಡುವು ಮೀರಿತ್ತು. ಕಮಿಟಿಯವರು ನಮ್ಮಿಬ್ಬರ ಹೆಸರು ಹೇಳಿದರು. ಕರುಣಮ್ಮ ಟೀಚರಿಗೆ, ಅಂದರೆ ನನಗೆ, ಇಂಗ್ಲಿಷ್ ಬರುತ್ತದೆ ಎಂಬುದು ಅವರು ಬಾಯಲ್ಲಿ ಹೇಳಿದ ಕಾರಣ. ಪ್ರಕಾಶಂ ಊರಲ್ಲಿಲ್ಲದಿದ್ದರೆ ಎರಡು ವಾರ ನಾವೂ ಸ್ವಲ್ಪ ಕೂರಬಹುದು ಎಂಬುದು ಹೊಟ್ಟೆಯೊಳಗಿನ ಕಾರಣ.

ಪಕ್ಕದ ಮನೆಯ ಆಚಾರ್ರು ಮಂತ್ರಾಲಯದಲ್ಲಿ ಗುಮಾಸ್ತರಾಗಿದ್ದವರು. ಹೊರಡುವ ದಿನ ಒಂದು ಪೊಟ್ಟಣ ತಂದರು. "ಮಠದ ಪ್ರಸಾದ ಅದ, ಇಟ್ಟುಕೋರಿ ಪ್ರಕಾಶಂ. ಅದು ನಿಮ್ಮ ದೇವರ ಸೀಮಿ ಖರೆ, ಆದ್ರ ಮಳಿ ಭಾಳಂತ. ನಮ್ಮ ಕಡಿಯಿಂದನೂ ಒಬ್ಬರು ನೋಡ್ಕೊಳ್ಳಿ" ಅಂದರು. ಇವರು ಎರಡೂ ಕೈಯಿಂದ ತೆಗೆದುಕೊಂಡು ಕೈಚೀಲದಲ್ಲಿ ಪಾಸ್‌ಪೋರ್ಟಿನ ಪಕ್ಕದಲ್ಲೇ ಇಟ್ಟರು.

ಸ್ಟೇಷನ್ನಿಗೆ ಅರ್ಧ ಚರ್ಚೇ ಬಂದಿತ್ತು. ಪಾದ್ರಿಗಳು ಕಿಟಕಿಯ ಹೊರಗೆ ನಿಂತು ತೆಲುಗಿನಲ್ಲಿ ಪ್ರಾರ್ಥನೆ ಶುರು ಮಾಡಿದರು. ಅದು ಸಮುದ್ರ ದಾಟಿ ಇನ್ನೂ ವೇಲ್ಸ್ ಮುಟ್ಟಿರಲಿಲ್ಲ, ಅಷ್ಟರಲ್ಲಿ ರೈಲು ಹೊರಟಿತು. ಎಲ್ಲರ ಕಣ್ಣೂ ಮುಚ್ಚಿತ್ತು. ಅವರು ಖಾಲಿ ಹಳಿಯನ್ನು ಆಶೀರ್ವದಿಸುತ್ತಿದ್ದದ್ದು ತಿರುವು ಬರುವವರೆಗೂ ನಮಗೆ ಕಾಣುತ್ತಿತ್ತು.

ಆಕಾಶ

ವಿಮಾನದಲ್ಲಿ ಇವರನ್ನು ಕೂರಿಸುವುದು ಸಾಹಸವಾಯಿತು. ಜನ ಚೀಲ ಹಿಡಿದುಕೊಂಡು ಓಣಿಯಲ್ಲಿ ನಿಂತದ್ದನ್ನು ಕಂಡು ಇವರ ರಕ್ತ ಕುದಿಯಿತು. ಎದ್ದು ನಿಂತು ಎಲ್ಲರ ಚೀಲಗಳನ್ನೂ ಮೇಲಿನ ಗೂಡಿಗೆ ಏರಿಸತೊಡಗಿದರು. ಒಬ್ಬ ಮುದುಕಿಗೆ ಕಿಟಕಿ ಸೀಟು ಕೊಡಿಸಿದರು. ಆ ಸೀಟಿನವನು ಇವರನ್ನು ಕಂಪನಿಯವರೆಂದುಕೊಂಡು ಎದ್ದು ಹೋದ. ಸ್ವಲ್ಪ ಹೊತ್ತಿಗೆ ಜನ ಇವರನ್ನು ನೀರು ಕೇಳಿದರು, ಹೊದಿಕೆ ಕೇಳಿದರು. ಇವರು ಹಿಂದೆ ಹೋಗಿ ತಂದು ಕೊಟ್ಟರು.

"ಏನ್ರಿ, ಸುಮ್ಮ ಕುಂದ್ರಬಾರದ? ಅದು ಆ ಹುಡುಗಿಯರ ಕೆಲಸ" ಅಂದೆ.

"ಪಾಪ, ಆ ಹುಡುಗಿ ಒಬ್ಬಾಕಿ ಎಷ್ಟಂತ ಮಾಡ್ತಾಳ? ಡಬಲ್ ಡ್ಯೂಟಿ ಇದ್ದಂಗ ಕಾಣ್ತೈತಿ, ಮುಖ ನೋಡು" ಅಂದರು.

ಕೊನೆಗೆ ಆ ಹುಡುಗಿಯೇ ಬಂದು, ತುಂಬಾ ಸಿಹಿಯಾಗಿ, ಇವರ ಬೆಲ್ಟು ತಾನೇ ಬಿಗಿದು ಹೋದಳು. ಬಿಗಿದ ರೀತಿ ನೋಡಿದರೆ ಆಕೆ ನನ್ನ ಪಕ್ಷ ಎಂದು ಗೊತ್ತಾಯಿತು.

ಗ್ವೆನ್ ಮನೆ

ಆ ಹಳ್ಳಿಯ ಹೆಸರನ್ನು ನಾನು ಬರೆಯುವುದಿಲ್ಲ. ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದ ನಾಲಿಗೆಗೆ ಅದು ಕೊನೆಯವರೆಗೂ ತಿರುಗಲಿಲ್ಲ. ನಮ್ಮನ್ನು ಮನೆಯಲ್ಲಿ ಇಟ್ಟುಕೊಂಡವರು ಗ್ವೆನ್. ಎಪ್ಪತ್ತು ದಾಟಿದ ವಿಧವೆ, ತೆಳ್ಳಗೆ, ನೆಟ್ಟಗೆ. ಮಾತಿಗೆ ಮೊದಲು ಒಂದು ಸಾರಿ, ಮಾತಿನ ಕೊನೆಗೆ ಒಂದು ಸಾರಿ ಕ್ಷಮಿಸಿ ಎನ್ನುವ ಹೆಂಗಸು. ಬಾಗಿಲಿಗೆ ಅಡ್ಡ ಬಂದ ಕುರ್ಚಿಗೂ ಕ್ಷಮಿಸಿ ಅಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅಲ್ಲಿನ ಬೋರ್ಡುಗಳೆಲ್ಲ ಎರಡು ಭಾಷೆಯಲ್ಲಿದ್ದವು, ಮೇಲೆ ವೆಲ್ಷ್, ಕೆಳಗೆ ಇಂಗ್ಲಿಷ್. ಗ್ವೆನ್ ಅಂಗಡಿಯವನ ಜೊತೆ ಒಂದು ವಾಕ್ಯವನ್ನು ವೆಲ್ಷಿನಲ್ಲಿ ಶುರು ಮಾಡಿ ಇಂಗ್ಲಿಷಿನಲ್ಲಿ ಮುಗಿಸಿದರು. ಇವರಿಗೆ ತವರಿಗೆ ಬಂದ ಹಾಗಾಯಿತು.

"ನಮ್ಮಂಗೇ ಅದಾರ ಕದಾ! ನಾವು ತರಕಾರಿ ತೆಲುಗಿನಾಗ ತರ್ತೀವಿ, ಜಗಳ ಕನ್ನಡದಾಗ ಆಡ್ತೀವಿ. ಇವರೂ ಅಂತೇ" ಅಂದರು.

ಮಿಕ್ಕ ಯಾವುದೂ ನಮ್ಮ ಹಾಗಿರಲಿಲ್ಲ. ಮುಖ್ಯವಾಗಿ ಬಾಗಿಲುಗಳು. ಆದೋನಿಯಲ್ಲಿ ನಮ್ಮ ಮನೆಯ ಬಾಗಿಲು ಬೆಳಗ್ಗೆ ತೆರೆದರೆ ರಾತ್ರಿ ಮುಚ್ಚುತ್ತದೆ. ನಡುವೆ ಯಾರು ಬಂದರು, ಯಾರು ಹೋದರು, ಯಾರು ಚಹಾ ಕುಡಿದರು ಎಂದು ಹೇಳಲು ಬರುವುದಿಲ್ಲ. ಇಲ್ಲಿ ಮೂರು ಮನೆ ಆಚೆಯ ಹೆಂಗಸು ಗುರುವಾರ ಚಹಾಕ್ಕೆ ಬರಬಹುದೇ ಎಂದು ಸೋಮವಾರ ಫೋನ್ ಮಾಡಿ ಕೇಳಿದಳು. ಗ್ವೆನ್ ಗೋಡೆಯ ಕ್ಯಾಲೆಂಡರ್ ನೋಡಿ, ಆಗಬಹುದು ಅಂದರು.

"ಗುರುವಾರದ ಚಹಾಕ್ಕ ಸೋಮವಾರ ಫೋನಾ? ಅಷ್ಟರಾಗ ಯಾರಿಗಾರ ಎದಿನೋವು ಬಂದ್ರ ಕ್ಯಾಲೆಂಡರ್ ನೋಡಿ ಸಾಯಬೇಕೇನು?" ಎಂದರು ಇವರು. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಲಿಲ್ಲ.

ಇವರು ಗ್ವೆನ್‌ರನ್ನು ಮೊದಲ ದಿನದಿಂದಲೇ ಅಕ್ಕ ಎಂದು ಕರೆದರು. ಹಾಗೆಂದರೇನು ಎಂದು ಆಕೆ ಕೇಳಿದರು. ನಾನು ಅರ್ಥ ಹೇಳಿದೆ. ಆಕೆ ಚಹಾ ಪಾತ್ರೆಗೆ ಇನ್ನಷ್ಟು ಬಿಸಿನೀರು ಹಾಕಿದರು. ಎದುರುಗಡೆ ರಸ್ತೆಯ ಆಚೆ ನೀಲಿ ಬಾಗಿಲಿನ ಮನೆಯೊಂದಿತ್ತು. ಗ್ವೆನ್ ಮನೆಯ ಎಲ್ಲ ಕಿಟಕಿಗಳ ಪರದೆ ತೆರೆದಿದ್ದರೂ ಆ ಕಡೆಯದು ಮಾತ್ರ ಮುಚ್ಚಿತ್ತು. ಅಲ್ಲಿ ಯಾರಿದ್ದಾರೆ ಎಂದು ಇವರು ನನ್ನಿಂದ ಕೇಳಿಸಿದರು.

"ಮೈರ್" ಅಂದರು ಗ್ವೆನ್.

"ಮೈರ್ ಅಂದರೆ ಯಾರು?"

"ನನ್ನ ತಂಗಿ. ಇನ್ನೊಂದು ಬಿಸ್ಕತ್ತು ತೆಗೆದುಕೊಳ್ಳಿ, ಕ್ಷಮಿಸಿ."

ಕಸದ ದಿನ

ಆ ಊರಿನಲ್ಲಿ ಕಸ ಒಯ್ಯುವ ದಿನ ಪ್ರತಿ ಮನೆಯವರೂ ಬಣ್ಣಬಣ್ಣದ ಗಾಲಿಡಬ್ಬಿಗಳನ್ನು ಬೀದಿಗೆ ತಂದು ನಿಲ್ಲಿಸುತ್ತಾರೆ. ಲಾರಿ ಹೋದ ಮೇಲೆ ಅವರವರು ಬಂದು ಒಳಗೆ ಎಳೆದುಕೊಳ್ಳುತ್ತಾರೆ. ಇವರು ಬೆಳಗಿನ ವಾಕಿಂಗಿಗೆ ಹೋದಾಗ ಬೀದಿಯಲ್ಲೆಲ್ಲ ಖಾಲಿ ಡಬ್ಬಿಗಳು ಗಾಳಿಗೆ ಅಡ್ಡಾದಿಡ್ಡಿ ಬಿದ್ದಿದ್ದವು. ಊರು ತುಂಬ ವಯಸ್ಸಾದವರೇ. ನೋಡಿದ ಮೇಲೆ ಸುಮ್ಮನೆ ಬರುವ ಜನ್ಮ ಇವರದಲ್ಲ. ಎಲ್ಲವನ್ನೂ ಎಳೆದು ತಂದು ಗ್ವೆನ್ ಮನೆಯ ಮುಂದೆ ಹಸಿರು ಒಂದು ಸಾಲು, ಕಪ್ಪು ಒಂದು ಸಾಲು, ಡಿಪೋದಲ್ಲಿ ಬಸ್ಸು ನಿಲ್ಲಿಸಿದ ಹಾಗೆ ನಿಲ್ಲಿಸಿಬಿಟ್ಟರು.

ಎಲ್ಲ ಡಬ್ಬಿಗಳೂ ಒಂದೇ ತರಹ. ಯಾರದು ಯಾವುದೆಂದು ಯಾರಿಗೂ ತಿಳಿಯದು. ಒಬ್ಬೊಬ್ಬರೇ ಬಂದು, ಕ್ಷಮಿಸಿ, ಇದು ನನ್ನದಿರಬಹುದು ಅನ್ನತೊಡಗಿದರು. ಯಾರೂ ಬೈಯಲಿಲ್ಲ, ಅದೇ ನನಗೆ ಹೆಚ್ಚು ನಾಚಿಕೆಯಾದದ್ದು. ನಮ್ಮಲ್ಲಾಗಿದ್ದರೆ ಎರಡು ಬೈಗುಳ ಬಿದ್ದು ಲೆಕ್ಕ ಚುಕ್ತಾ ಆಗುತ್ತಿತ್ತು. ಆದರೆ ಡಬ್ಬಿ ಹುಡುಕಲು ಬಂದವರು ಹಾಗೇ ನಿಂತು ಮಾತಿಗಿಳಿದರು. ಒಬ್ಬ ಮುದುಕ ತನ್ನ ಡಬ್ಬಿಯ ಮೇಲೆ ಮೊಣಕೈ ಊರಿ, ಈ ಬೀದಿಯಲ್ಲಿ ಇಷ್ಟು ಜನರನ್ನು ಒಟ್ಟಿಗೆ ನೋಡಿ ಎಷ್ಟು ಕಾಲವಾಯಿತೋ ಅಂದ.

ಕೊನೆಗೆ ನೀಲಿ ಬಾಗಿಲು ತೆರೆಯಿತು. ಗುಂಡಗಿನ ಹೆಂಗಸೊಬ್ಬಳು ಉಬ್ಬಸದಿಂದ ನಿಂತು ನಿಂತು ರಸ್ತೆ ದಾಟಿ ಬಂದು, ಉಳಿದ ಒಂದು ಡಬ್ಬಿಯನ್ನು ಹಿಡಿದುಕೊಂಡಳು. ಇವರು ಆಕೆಯ ಕೈಯಿಂದ ಕಸಿದುಕೊಂಡು ತಾವೇ ಮುಟ್ಟಿಸಿ ಬಂದರು. ನಾನು ತಿರುಗಿ ನೋಡಿದೆ. ಗ್ವೆನ್ ಪರದೆಯ ಅಂಚನ್ನು ಎರಡು ಬೆರಳಿನಿಂದ ಸರಿಸಿ ನೋಡುತ್ತಿದ್ದರು.

ಅಂದು ಪಾತ್ರೆ ಒರೆಸುವಾಗ ಆಕೆ ನನಗೆ ಹೇಳಿದರು. ಅವರ ತಾಯಿ ಕೊನೆಯ ಕಾಯಿಲೆಯಲ್ಲಿ ಗ್ವೆನ್ ಬಳಿಯೇ ಇದ್ದರು. ಮೈರ್ ಆಗ ಕೆನಡಾದಲ್ಲಿ. ಮಣ್ಣು ಮಾಡುವ ದಿನ ಬಂದವಳು ಶವದ ಪೆಟ್ಟಿಗೆಯೊಳಗಿನ ಮುಖ ನೋಡಿ, ಇಷ್ಟು ಸೊರಗಿದ್ದಾಳೆ, ನೀನು ಅಮ್ಮನಿಗೆ ಊಟ ಹಾಕುತ್ತಿದ್ದೆಯೋ ಇಲ್ಲವೋ ಅಂದಳಂತೆ. ಅದೇ ಕೊನೆಯ ಮಾತು. ಆಮೇಲೆ ಮೈರ್ ಇದೇ ಊರಿಗೆ, ಎದುರು ಮನೆಗೇ ಬಂದು ನೆಲೆಸಿದರೂ ಇಬ್ಬರ ನಡುವೆ ಒಂದು ಪದ ಹೊರಟಿಲ್ಲ. ಅಷ್ಟು ಹೇಳಿ ಗ್ವೆನ್ ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದರು. ನನಗೆ ಆಕೆಯ ಕೈ ಹಿಡಿದುಕೊಳ್ಳಬೇಕೆನಿಸಿತು. ಆದರೆ ಆ ಊರಿನಲ್ಲಿ ಅದಕ್ಕೂ ಮೊದಲು ಫೋನ್ ಮಾಡಬೇಕೇನೋ ಎಂದು ಸುಮ್ಮನಾದೆ.

ಭಾನುವಾರ

ಈ ಸಂಗತಿಯನ್ನು ನಾನು ಇವರಿಗೆ ಹೇಳಲಿಲ್ಲ. ಬೆಂಕಿಕಡ್ಡಿಯನ್ನು ಹುಲ್ಲಿನ ಬಣವೆಗೆ ತೋರಿಸುವ ಹೆಂಗಸು ನಾನಲ್ಲ. ಆದರೆ ಹೇಳದೆಯೇ ಬಣವೆ ಹೊತ್ತಿಕೊಂಡಿತು.

ಅವರ ಚರ್ಚು ದೊಡ್ಡದು, ಎತ್ತರದ ಮರದ ಬೆಂಚುಗಳು, ಮೇಲೆ ಸುತ್ತಲೂ ಅಟ್ಟ. ಇಡೀ ಆದೋನಿ ಚರ್ಚಿನವರು ಬಂದರೂ ಜಾಗ ಉಳಿಯುತ್ತಿತ್ತು. ಬಂದಿದ್ದವರು ಒಂದು ಟಂಟಂ ಆಟೋಗೆ ತುಂಬುವಷ್ಟು ಮಂದಿ. ಅವರೂ ಒಬ್ಬೊಬ್ಬರು ಒಂದೊಂದು ಬೆಂಚಿನಲ್ಲಿ, ಅಜ್ಜಂದಿರ ಕಾಲದಿಂದ ಅವರವರ ಮನೆತನದ ಜಾಗದಲ್ಲಿ, ಒಬ್ಬರ ಉಸಿರು ಒಬ್ಬರಿಗೆ ತಾಗದಂತೆ ಕೂತಿದ್ದರು. ಗ್ವೆನ್ ಮುಂದೆ ಎಡಕ್ಕೆ. ಮೈರ್ ಹಿಂದೆ ಬಲಮೂಲೆಗೆ, ಹೀಟರಿನ ಪಕ್ಕ.

ಪಾದ್ರಿ ಒಬ್ಬ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಆಕೆಗೆ ಐದು ಊರಿನ ಚರ್ಚುಗಳ ಪಾರುಪತ್ಯ, ಬರುವುದು ತಡವಾಗಿತ್ತು. ಆ ತಡವೇ ಮುಳುವಾಯಿತು. ಇವರು ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಕೈಮುಗಿದು "ವಂದನಾಲು" ಅನ್ನುತ್ತಿದ್ದವರು ಒಳಗೆ ತಿರುಗಿ ನೋಡಿದರು. ಖಾಲಿ ಬೆಂಚುಗಳು, ಚೆಲ್ಲಾಪಿಲ್ಲಿಯಾದ ಜನ. ಇವರ ಕಂಕುಳಲ್ಲಿ ಚೀಲ ಇರಲಿಲ್ಲ ಅನ್ನುವುದೊಂದು ಬಿಟ್ಟರೆ ಕೌತಾಳಂ ಬಸ್ಸಿನ ಕಂಡಕ್ಟರು ಪೂರ್ತಿ ಎದ್ದು ನಿಂತರು.

"ಪ್ಲೀಸ್, ಫ್ರಂಟ್ ಕಮಿಂಗ್! ಫ್ರಂಟ್ ಆಲ್ ಎಂಪ್ಟಿ!" ಎಂದು ಕೈಬೀಸಿದರು.

ನಾನು ಸೆರಗು ಎಳೆದುಕೊಂಡು ಎದ್ದು ಬರುವಷ್ಟರಲ್ಲಿ ಅರ್ಧ ಜನ ಎದ್ದಿದ್ದರು. ಆ ಜನರ ದೋಷ ಇದೊಂದೇ, ಅತಿಥಿಗೆ ಇಲ್ಲ ಎನ್ನಲು ಬಾಯಿ ಬರದು. ಹಾಡಿನ ಪುಸ್ತಕ, ಕೋಲು, ಕನ್ನಡಕದ ಪೆಟ್ಟಿಗೆ ಹಿಡಿದುಕೊಂಡು ಮುಂದೆ ಬಂದರು. ಅಲ್ಲಿಗೆ ನಿಲ್ಲಿಸಿದ್ದರೂ ಪರವಾಗಿರಲಿಲ್ಲ. ನಮ್ಮ ಚರ್ಚಿನಲ್ಲಿ ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ ಚಾಪೆಯ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುವುದು ರೂಢಿ. ಇವರು ಅದನ್ನು ಲೋಕದ ಚರ್ಚುಗಳಿಗೆಲ್ಲ ಒಂದೇ ಕಾನೂನು ಎಂದುಕೊಂಡಿದ್ದರು.

"ಲೇಡೀಸ್ ದಿಸ್ ಸೈಡ್, ಜೆಂಟ್ಸ್ ದಟ್ ಸೈಡ್! ಅಡ್ಜಸ್ಟ್ ಪ್ಲೀಸ್!"

ಮದುವೆಯಾದಂದಿನಿಂದ ಒಂದೇ ಬೆಂಚಿನಲ್ಲಿ ಕೂತಿದ್ದ ಗಂಡ ಹೆಂಡಿರು ಬೇರೆ ಬೇರೆಯಾದರು. ಡಬ್ಬಿಯ ಮೇಲೆ ಮೊಣಕೈ ಊರಿದ್ದ ಆ ಮುದುಕನ ಮುಖದಲ್ಲಿ ಮಾತ್ರ ಅಪಾರ ಸಂತೋಷ ಕಂಡಿತು. ಹೆಂಗಸರೆಲ್ಲ ಒಂದೇ ಬೆಂಚಿಗೆ ಬಂದರು. ನಾನು ಕಣ್ಣಲ್ಲಿ ಎಷ್ಟು ಸನ್ನೆ ಮಾಡಿದರೂ ಇವರು ನೋಡಲಿಲ್ಲ. ಹಿಂದಿನಿಂದ ಕೊನೆಗೆ ಬಂದ ಮೈರ್‌ಗೆ ಉಳಿದದ್ದು ಗ್ವೆನ್ ಪಕ್ಕದ ಜಾಗ. ಇಬ್ಬರೂ ಮುಖ ಮುಂದಿಟ್ಟು, ಕಲ್ಲಿನಲ್ಲಿ ಕಡೆದವರ ಹಾಗೆ ಕೂತರು.

ಪಾದ್ರಿ ಬಂದು, ಎರಡು ಗುಂಪಾದ ತನ್ನ ಸಭೆಯನ್ನು ನೋಡಿ, ಕಣ್ಣು ಮಿಟುಕಿಸಿ, ಪ್ರಕಟಣೆ ಓದಿದಳು. ಚಹಾ ಎಷ್ಟು ಗಂಟೆಗೆ, ಹೂವು ಯಾರದು. ಆಮೇಲೆ, "ನಮ್ಮ ಮೈರ್‌ಗೆ ಮಂಗಳವಾರ ಹೃದಯದ ಆಪರೇಷನ್. ನಾಳೆಯೇ ಆಸ್ಪತ್ರೆಗೆ ಸೇರುತ್ತಾರೆ. ದೊಡ್ಡ ಆಪರೇಷನ್, ಎಲ್ಲರೂ ಪ್ರಾರ್ಥಿಸಿ" ಅಂದಳು.

ಗ್ವೆನ್‌ಗೆ ಅದು ಗೊತ್ತಿರಲಿಲ್ಲ. ಎದುರು ಮನೆಯ ತಂಗಿಯ ಎದೆ ಕೊಯ್ಯುತ್ತಾರೆ ಎಂಬುದು ಹೂವಿನ ಪ್ರಕಟಣೆಯ ಜೊತೆಗೆ ಆಕೆಯ ಕಿವಿಗೆ ಬಿತ್ತು. ಹಾಡು ಮುಗಿಯಿತು, ಪಾದ್ರಿಯ ಉಪದೇಶದ ಪ್ರಸಂಗವೂ ಮುಗಿಯಿತು. ನಮ್ಮಲ್ಲಿ ಮೈಕು ಸರಿಯಾಗುವಷ್ಟು ಹೊತ್ತಿನಲ್ಲಿ ಅವರು ಪ್ರಸಂಗ ಮುಗಿಸುತ್ತಾರೆ. ಆಶೀರ್ವಾದವಾದದ್ದೇ ಗ್ವೆನ್ ಎದ್ದು, ತಂಗಿಯ ಮೊಣಕಾಲು ದಾಟಿಕೊಂಡು, ಚಹಾ ಕುಡಿಯದೆ ಮನೆಗೆ ಹೋದರು.

ಮನೆಯಲ್ಲಿ ಆಕೆ ಮೊದಲ ಸಲ ಕ್ಷಮಿಸಿ ಎನ್ನದೆ ಒಂದು ಮಾತು ಆಡಿದರು. "ನಿನ್ನ ಗಂಡನಿಗೆ ಹೇಳು, ನಾನು ಸಾಮಾನಲ್ಲ, ನನ್ನನ್ನು ಜೋಡಿಸಿಡುವುದು ಬೇಡ."

ನಾನು ಹೇಳಿದೆ. ತಾಯಿಯ ವಿಷಯವನ್ನೂ ಹೇಳಿದೆ, ಜೊತೆಗೆ ನನ್ನ ಪಾಲಿನದನ್ನೂ ಸೇರಿಸಿ ಹೇಳಿದೆ. ಇವರು ಮಂಚದ ತುದಿಯಲ್ಲಿ ಕೂತು ತಲೆ ತಗ್ಗಿಸಿದರು. "ತಪ್ಪಾತು ಕರುಣಾ. ನಾ ಸೀಟು ಖಾಲಿ ಐತಂತ ನೋಡಿದೆ, ಮನಷ್ಯಾರನ್ನ ನೋಡ್ಲಿಲ್ಲ" ಅಂದರು. ಗಂಡ ಇಷ್ಟು ಬೇಗ ತಪ್ಪು ಒಪ್ಪಿಕೊಂಡರೆ ಬೈಯುವವಳಿಗೆ ಬಹಳ ನಿರಾಸೆಯಾಗುತ್ತದೆ. ನನಗೆ ಇನ್ನೂ ಹೇಳುವುದು ಬಾಕಿ ಇತ್ತು.

ಸೋಮವಾರ

ಬೆಳಗ್ಗೆ ನೀಲಿ ಬಾಗಿಲಿನ ಮುಂದೆ ಟ್ಯಾಕ್ಸಿ ಬಂತು. ಮೈರ್ ಒಬ್ಬಳೇ ಚಿಕ್ಕ ಪೆಟ್ಟಿಗೆ ಹಿಡಿದು ಹತ್ತಿದಳು. ಗ್ವೆನ್ ಪರದೆಯ ಹಿಂದಿದ್ದರು. ಇವರು ಅಂಗಳದವರೆಗೆ ಓಡಿ ಹೋಗಿ, ಗೇಟಿನಲ್ಲಿ ಬ್ರೇಕ್ ಹಾಕಿ ನಿಂತರು. ಜೀವಮಾನದಲ್ಲಿ ಮೊದಲ ಸಲ ಒಂದು ಪೆಟ್ಟಿಗೆಯನ್ನು ಎತ್ತದೆ ಬಿಟ್ಟರು.

ಒಳಗೆ ಬಂದು ನನಗೆ ಅಂದರು: "ಆಪರೇಷನ್‌ಗೆ ಹೋಗೋ ಮನಷ್ಯಾರನ್ನ ಒಬ್ಬರನ್ನೇ ಕಳಸೋದಾ? ನಮ್ಮೂರಾಗ ಮಾತು ಬಿಟ್ಟವರು ಸೈತ ಒಂದು ಡಬ್ಬಿ ಕಳಸ್ತಾರ."

ಈ ಡಬ್ಬಿಯ ಸಂಗತಿ ಸ್ವಲ್ಪ ಹೇಳಬೇಕು. ನಮ್ಮ ಚರ್ಚಿನಲ್ಲಿ ಜಗಳಕ್ಕೆ ಕೊರತೆ ಇಲ್ಲ. ಮದುವೆಗೆ ಕರೆಯಲಿಲ್ಲ, ಕರೆದರೂ ಸರಿಯಾಗಿ ಕರೆಯಲಿಲ್ಲ ಎಂದು ವರ್ಷಗಟ್ಟಲೆ ಮಾತು ಬಿಡುತ್ತಾರೆ. ಆದರೆ ಮಾತು ಬಿಟ್ಟವರ ಮನೆಯಲ್ಲಿ ಯಾರಾದರೂ ಆಸ್ಪತ್ರೆ ಸೇರಿದರೆ ಒಂದು ಡಬ್ಬಿ ಅಡುಗೆ ಹೋಗಲೇಬೇಕು. ತಾವು ಹೋಗಬೇಕಿಲ್ಲ, ಮುಖ ನೋಡಬೇಕಿಲ್ಲ, ಬೇರೆಯವರ ಕೈಯಲ್ಲಿ ಕಳಿಸಿದರೆ ಸಾಕು. ದೇವರ ಮುಂದೆ ನಿಲ್ಲಲು ಅಷ್ಟಾದರೂ ಬೇಕು ಎಂಬುದು ನಮ್ಮ ಹೆಂಗಸರ ತೀರ್ಮಾನ. ಯಾವ ಪಾದ್ರಿಯೂ ಹೇಳಿಕೊಟ್ಟದ್ದಲ್ಲ.

ಇವರ ಕೈಗೆ ಈ ಕೆಲಸ ಕೊಟ್ಟರೆ ಮತ್ತೆ ಬೆಂಚು ಜೋಡಿಸುತ್ತಾರೆ ಎಂದು ನಾನೇ ಅಡುಗೆಮನೆಗೆ ಹೋದೆ. ಗ್ವೆನ್‌ಗೆ ಡಬ್ಬಿಯ ಪದ್ಧತಿಯನ್ನು ವಿವರಿಸಿದೆ. ನೀವು ಬರುವುದು ಬೇಡ, ನಾವೇ ಒಯ್ಯುತ್ತೇವೆ, ಮೈರ್‌ಗೆ ಏನು ಇಷ್ಟ ಎಂದಷ್ಟೇ ಹೇಳಿ, ನಾನು ಮಾಡುತ್ತೇನೆ ಅಂದೆ. ಗ್ವೆನ್ ಕಪಾಟಿನಿಂದ ಅಂಚಿಗೆ ನೀಲಿ ಗೆರೆಯಿದ್ದ ಹಳೆಯ ಪಿಂಗಾಣಿ ಬಟ್ಟಲೊಂದನ್ನು ತೆಗೆದರು. "ಅಕ್ಕಿ ಪಾಯಸ. ಓವನ್ನಿನೊಳಗೆ ಬೇಯಿಸಿದ್ದು. ಮೇಲಿನ ಕಂದು ಕೆನೆಗೆ ನಾವಿಬ್ಬರೂ ಹೊಡೆದಾಡುತ್ತಿದ್ದೆವು" ಅಂದರು.

ಸರಿ, ಪಾಯಸ ತಾನೇ, ನಮಗೆ ಬಾರದ್ದೇ ಎಂದು ನಾನು ಏಲಕ್ಕಿ ಕೇಳಿದೆ. ತುಪ್ಪ ಕೇಳಿದೆ. ಗೋಡಂಬಿ ಕೇಳಿದೆ. ಗ್ವೆನ್ ಮುಖ ಒಂದೊಂದು ಮಾತಿಗೂ ಕಿವುಚಿಕೊಂಡಿತು. ಹಾಲು ಉಕ್ಕಿಸಲು ಪಾತ್ರೆ ಇಟ್ಟದ್ದೇ ಆಕೆಗೆ ತಡೆಯಲಾಗಲಿಲ್ಲ. "ಕ್ಷಮಿಸಿ, ಅದನ್ನು ಹಾಗೆ ಮಾಡುವುದಲ್ಲ!" ಎಂದು ನನ್ನನ್ನು ಪಕ್ಕಕ್ಕೆ ಸರಿಸಿ, ಏಪ್ರನ್ ಕಟ್ಟಿಕೊಂಡು ತಾವೇ ಶುರು ಮಾಡಿದರು. ನನ್ನ ಪಾಯಸಕ್ಕೆ ಆ ದಿನ ಆದ ಅವಮಾನವನ್ನು ನಾನು ದೇವರ ಹೆಸರಿನಲ್ಲಿ ಸಹಿಸಿಕೊಂಡೆ.

ಬಸ್ಸಿಗೆ ಕಾಯಬೇಡಿ, ಕಾರಿನಲ್ಲಿ ಬಿಡುತ್ತೇನೆ, ಆದರೆ ನಾನು ಕಾರಿನಿಂದ ಇಳಿಯುವುದಿಲ್ಲ ಎಂದರು ಗ್ವೆನ್. ಒಪ್ಪಿದೆವು. ದಾರಿಯುದ್ದಕ್ಕೂ ಬಿಸಿ ಪಿಂಗಾಣಿ ಬಟ್ಟಲು ನನ್ನ ತೊಡೆಯನ್ನು ಸುಡುತ್ತಿತ್ತು. ಇವರು ಹಿಂದೆ ಕೂತು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದರು, ಮಾತಾಡಬಾರದೆಂದು.

ಆಸ್ಪತ್ರೆ

ಆದೋನಿಯ ಆಸ್ಪತ್ರೆಯಲ್ಲಿ ಒಬ್ಬ ರೋಗಿಯ ಸುತ್ತ ಹನ್ನೆರಡು ಜನ ನಿಂತಿರುತ್ತಾರೆ. ಇಲ್ಲಿ ಒಬ್ಬರಿಗೆ ಇಬ್ಬರೇ ಎಂದು ಬೋರ್ಡು ಹಾಕಿತ್ತು. ವಾರ್ಡಿನಲ್ಲಿ ಎಂಥ ಮೌನವೆಂದರೆ ನನ್ನ ಬಳೆಯ ಸದ್ದಿಗೆ ನಾನೇ ಬೆಚ್ಚಿದೆ. ಮೈರ್ ಗೋಡೆ ನೋಡುತ್ತಾ ಮಲಗಿದ್ದಳು. ನಮ್ಮನ್ನು ಕಂಡು ಗಾಬರಿಯಿಂದ ಎದ್ದು ಕೂತಳು. ಬಹುಶಃ ಇನ್ನೆಲ್ಲಿ ಜೋಡಿಸಿಡುತ್ತಾರೋ ಎಂಬ ಭಯವಿರಬೇಕು.

ನಾನು ಬಟ್ಟಲಿನ ಮೇಲಿನ ಬಟ್ಟೆ ತೆಗೆದೆ. ಮೈರ್ ಬಟ್ಟಲನ್ನು ನೋಡಿದಳು, ಅದರ ಅಂಚಿನ ನೀಲಿ ಗೆರೆಯನ್ನು ಬೆರಳಿನಿಂದ ಮುಟ್ಟಿದಳು. ಯಾರು ಮಾಡಿದ್ದು ಎಂದು ಕೇಳಲಿಲ್ಲ. ನರ್ಸಿನ ಒಪ್ಪಿಗೆ ಕೇಳಿ, ಕೆನೆಯನ್ನು ಒಂದು ಪಕ್ಕಕ್ಕೆ ಸರಿಸಿ, ಅಡಿಯಿಂದ ಒಂದು ಚಮಚ ತಿಂದಳು. ಇನ್ನೊಂದು ತಿಂದಳು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಆಗ ಆಕೆ ಮೂಗು ಎಳೆದುಕೊಂಡು ಅಂದಳು: "ಜಾಜಿಕಾಯಿ ಕಡಿಮೆ. ಅವಳು ಯಾವತ್ತೂ ಅಷ್ಟೆ, ಜಾಜಿಕಾಯಿಗೆ ಜಿಪುಣಿ. ಅವಳಿಗೆ ಹೇಳಬೇಡಿ."

"ಏನಂದ್ಲು?" ಅಂದರು ಇವರು.

ನಾನು ಯೋಚಿಸದೆ ಹೇಳಿಬಿಟ್ಟೆ. ಹೇಳಬೇಡಿ ಅಂದದ್ದನ್ನು ಸೇರಿಸುವುದರೊಳಗೆ ಇವರು ಬಾಗಿಲು ದಾಟಿದ್ದರು.

ಮುಂದಿನದನ್ನು ಇವರ ಬಾಯಿಂದಲೇ ಕೇಳಿದ್ದು. ಕಾರಿನ ಗಾಜು ತಟ್ಟಿ, ತಮ್ಮ ಬಳಿ ಇದ್ದ ಇಂಗ್ಲಿಷನ್ನೆಲ್ಲ ಒಟ್ಟು ಮಾಡಿ, ಪಾಯಸ ತಿನ್ನುತ್ತಿದ್ದಾಳೆ, ಅಳುತ್ತಿದ್ದಾಳೆ ಎಂದು ಕೈಸನ್ನೆಯಲ್ಲಿ ಹೇಳಿದರಂತೆ. ಗ್ವೆನ್ ಹಿಡಿದ ಸ್ಟೀರಿಂಗ್ ಬಿಡಲಿಲ್ಲವಂತೆ. ಆಮೇಲೆ ಇವರು ಒಂದು ಅಂಗೈಯನ್ನೇ ಬಟ್ಟಲು ಮಾಡಿ, ಅದರ ಮೇಲೆ ಜಾಜಿಕಾಯಿ ತುರಿಯುವಂತೆ ಬೆರಳಾಡಿಸಿ, "ಮೈರ್ ಮೇಡಂ ಸೇಯಿಂಗ್, ದಿಸ್ ಒನ್ ಲೆಸ್" ಅಂದರಂತೆ.

ಕಾರಿನ ಬಾಗಿಲು ಹಾಕಿದ ಸದ್ದು ನನಗೆ ಮೇಲಿನ ಮಹಡಿಗೆ ಕೇಳಿಸಿತು. ಗ್ವೆನ್ ವಾರ್ಡಿಗೆ ಬಂದ ರಭಸಕ್ಕೆ ನರ್ಸು ಹಾದಿ ಬಿಟ್ಟಳು. ಕೋಟಿನ ಗುಂಡಿ ತಪ್ಪಿತ್ತು, ಮುಖ ಕೆಂಪಾಗಿತ್ತು. ಕ್ಷಮಿಸಿ ಇಲ್ಲ, ನಮಸ್ಕಾರ ಇಲ್ಲ. ಮಂಚದ ಬುಡದಲ್ಲಿ ನಿಂತು ವೆಲ್ಷಿನಲ್ಲಿ ಶುರು ಮಾಡಿದರು. ಮೈರ್ ದಿಂಬಿಗೆ ಒರಗಿಕೊಂಡು ವೆಲ್ಷಿನಲ್ಲೇ ತಿರುಗಿ ಕೊಟ್ಟಳು. ನನಗೆ ಒಂದಕ್ಷರ ತಿಳಿಯಲಿಲ್ಲ. ಮಾಮ್ ಎಂಬ ಒಂದು ಮಾತು ಮಾತ್ರ ಇಬ್ಬರ ಬಾಯಲ್ಲೂ ಮತ್ತೆ ಮತ್ತೆ ಬಂತು. ಅದಕ್ಕೆ ಅರ್ಥ ಯಾರೂ ಹೇಳಬೇಕಾಗಿರಲಿಲ್ಲ. ಸುತ್ತಲಿನ ರೋಗಿಗಳು ಪತ್ರಿಕೆ ಕೆಳಗಿಟ್ಟರು. ನರ್ಸು ಬಂದು, ದನಿ ತಗ್ಗಿಸಿರಿ ಎಂದಳು. ಇಬ್ಬರೂ ಒಟ್ಟಿಗೆ ಆಕೆಯ ಕಡೆ ತಿರುಗಿ ಏನೋ ಅಂದರು, ಆಕೆ ಹೊರಟುಹೋದಳು.

ಆಮೇಲೆ ಮೈರ್‌ಗೆ ಉಸಿರು ಹತ್ತಿತು. ಮಾತು ನಿಲ್ಲಿಸಿ ಎದೆ ಹಿಡಿದುಕೊಂಡಳು. ಗ್ವೆನ್ ಬೆಚ್ಚಿ ಪಕ್ಕಕ್ಕೆ ಬಂದು ಬೆನ್ನು ನೀವತೊಡಗಿದರು. ಬಹಳ ಹೊತ್ತು ಹಾಗೇ ನೀವಿದರು. ಮೈರ್ ಸಣ್ಣ ದನಿಯಲ್ಲಿ ಒಂದು ಮಾತು ಅಂದಳು, ಅದರಲ್ಲೂ ಮಾಮ್ ಇತ್ತು. ಗ್ವೆನ್ ಕೈ ನಿಂತಿತು. ತಂಗಿಯ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು ನಿಂತರು. ಆ ಮಾತು ಏನಿರಬಹುದೆಂದು ನಾನು ಊಹಿಸಬಲ್ಲೆ, ಆದರೆ ಅದು ಅವರಿಬ್ಬರದು.

ಮೈರ್ ಕಣ್ಣೊರೆಸಿಕೊಂಡು ಬಟ್ಟಲನ್ನು ಅಕ್ಕನ ಕಡೆ ತಳ್ಳಿದಳು. ಒಂದು ಪಕ್ಕಕ್ಕೆ ಸರಿಸಿಟ್ಟಿದ್ದ ಕಂದು ಕೆನೆ ಪೂರ್ತಿ ಅಲ್ಲೇ ಇತ್ತು. ಗ್ವೆನ್ ಅದೇ ಚಮಚದಿಂದ ಒಂದು ತುಣುಕು ತೆಗೆದುಕೊಂಡು, ನಿಧಾನವಾಗಿ ಅಗಿದು, ನನ್ನ ಮುಖ ನೋಡಿ, ನನಗೂ ತಿಳಿಯಲೆಂದು ಇಂಗ್ಲಿಷಿನಲ್ಲಿ ಅಂದರು: "ಹೌದು. ಸ್ವಲ್ಪ ಕಡಿಮೆಯೇ ಆಗಿದೆ."

ಒಬ್ಬರಿಗೆ ಇಬ್ಬರೇ ಎಂಬ ಲೆಕ್ಕದಲ್ಲಿ ಇವರನ್ನು ಹೊರಗೇ ನಿಲ್ಲಿಸಿದ್ದರು. ನಾನು ಅಕ್ಕತಂಗಿಯರನ್ನು ಬಿಟ್ಟು ಹೊರಗೆ ಬಂದಾಗ, ಪರದೇಶದಲ್ಲಿ ಮೂರನೆಯ ತಪ್ಪು ಮಾಡಿದವರ ಮುಖ ಹೊತ್ತು ಗೋಡೆಗೆ ಒರಗಿದ್ದರು.

"ಜಗಳದ ಸದ್ದು ಇಲ್ಲೀತನ ಕೇಳ್ತು. ಈಗ ಯಾಕ ಸುಮ್ಮಗಾದ್ರು? ಏನಾತು ಕರುಣಾ? ಕೆಟ್ಟಾತೇನು?"

"ಜಾಜಿಕಾಯಿ ಕಡಿಮಿ ಆಗೈತಂತ ಇಬ್ಬರೂ ಒಪ್ಪಿಕೊಂಡ್ರು" ಅಂದೆ. ಅಷ್ಟು ಹೇಳುವುದರೊಳಗೆ ನನಗೆ ಅಳು ಬಂದುಬಿಟ್ಟಿತು.

ಇವರು ಆ ನಿಶ್ಶಬ್ದ ಆಸ್ಪತ್ರೆಯ ನಡುವೆ, ಪೆದ್ದಕಡುಬೂರಿನವರೆಗೆ ಕೇಳುವಂತೆ, "ಸ್ತೋತ್ರಂ!" ಎಂದು ಕೂಗಿದರು. ನರ್ಸು ಓಡಿ ಬಂದಳು. ನಾನು ಆಕೆಗೆ ಕ್ಷಮಿಸಿ ಎನ್ನಲಿಲ್ಲ.